ಕ್ಯಾರೊಲ್ ಕಲಿಸಿದ ಬಾಗಿಲು ತಟ್ಟುವ ವಿದ್ಯೆ

ಯಾರದೇ ಮನೆಯ ಗಂಟೆ ಒತ್ತಿದರೂ ನಾನು ಎರಡು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತೇನೆ. ಮೊನ್ನೆ ಹುಬ್ಬಳ್ಳಿಯಲ್ಲಿ ತಂಗಿಯ ಫ್ಲ್ಯಾಟಿನ ಮುಂದೆ ಹೀಗೆ ಸರಿಯಲು ಹೋಗಿ ಎದುರು ಮನೆಯವರ ತುಳಸಿ ಕುಂಡವನ್ನು ಉರುಳಿಸಿದೆ. ಬಾಗಿಲು ತೆಗೆದ ತಂಗಿ, "ಅಷ್ಟ್ ದೂರ ಯಾಕ ನಿಂತಿ? ನಾ ಏನ್ ಕಚ್ಚತೇನೇನು?" ಎಂದು ನಕ್ಕಳು. ಕಾರಣ ಹೇಳಬೇಕೆಂದರೆ ಅಮೆರಿಕದಿಂದ ಶುರು ಮಾಡಬೇಕು, ಅದೂ ಮಸ್ಕತ್ತಿನ ಮೂಲಕ. ಒಲೆಯ ಮೇಲೆ ಹಾಲಿಟ್ಟು ಬಂದಿದ್ದ ಅವಳಿಗೆ ಅಷ್ಟು ಪುರಸೊತ್ತಿರಲಿಲ್ಲ. ನಿಮಗಿದೆ ಎಂದುಕೊಂಡು ಹೇಳುತ್ತೇನೆ.

ಎರಡು ಸಾವಿರದ ಇಸವಿ ಕಳೆದು ನಾಲ್ಕಾರು ವರ್ಷಗಳಾಗಿದ್ದ ಕಾಲ. ನಮ್ಮವರು ಮಸ್ಕತ್ತಿನ ಹತ್ತಿರದ ರುಸೈಲ್‌ನ ಒಂದು ಕಾರ್ಖಾನೆಯಲ್ಲಿ ಯಂತ್ರಗಳ ರಿಪೇರಿ ನೋಡಿಕೊಳ್ಳುವ ಎಂಜಿನಿಯರ್. ಕಂಪನಿ ಕೊಟ್ಟ ಮನೆ ನಗರದ ಬಡಾವಣೆಯಾದ ಮದೀನತ್ ಸುಲ್ತಾನ್ ಖಾಬೂಸ್‌ನಲ್ಲಿತ್ತು. ಹೆಸರು ಕೇಳಿ ಅರಮನೆ ಎಂದುಕೊಳ್ಳಬೇಡಿ. ಮುಂದಿನ ಸಾಲಿನಲ್ಲಿ ಕಾಗದದ ಹೂವಿನ ಬಳ್ಳಿ ಹಬ್ಬಿಸಿದ ಬಂಗಲೆಗಳು, ಅವುಗಳ ಬೆನ್ನಿಗೆ ನಮ್ಮಂಥವರ ಎರಡು ಕೋಣೆಯ ಮನೆಗಳು. ಒಂದು ಮಧ್ಯಾಹ್ನ ನಾನು ರೊಟ್ಟಿ ಬಡಿಯುತ್ತಿದ್ದಾಗ ಗಂಟೆಯಾಯಿತು. ಹಿಟ್ಟಿನ ಕೈಯಲ್ಲೇ ಹೋಗಿ ಮೊಣಕೈಯಿಂದ ಬಾಗಿಲು ತೆಗೆದೆ. ಎರಡು ಹೆಜ್ಜೆ ದೂರದಲ್ಲಿ ಅರವತ್ತರ ಆಸುಪಾಸಿನ ಒಬ್ಬ ಬಿಳಿ ಹೆಂಗಸು ಕ್ಯಾನ್ವಾಸ್ ಬೂಟು ಹಾಕಿಕೊಂಡು ನಿಂತಿದ್ದಳು.

"ನಿಮ್ಮ ಕರಿಬೇವು ಎಷ್ಟು ಚೆನ್ನಾಗಿ ಬೆಳೆದಿದೆ!" ಎಂದು ಇಂಗ್ಲಿಷಿನಲ್ಲಿ ಹೊಗಳಿ, "ಈ ಮನೆಯಲ್ಲಿ ಅಮೆರಿಕದ ಪ್ರಜೆಗಳು ಯಾರಾದರೂ ಇದ್ದಾರೆಯೇ?" ಎಂದು ಕೇಳಿದಳು.

ನೈಟಿಯ ಮೇಲೆ ಟವೆಲ್ ಹೊದ್ದು, ಮೊಣಕೈವರೆಗೆ ಜೋಳದ ಹಿಟ್ಟು ಮೆತ್ತಿಕೊಂಡು, ಹಣೆಯ ಮೇಲೆ ರೂಪಾಯಿಯಗಲದ ಕುಂಕುಮ ಇಟ್ಟುಕೊಂಡು ನಿಂತಿದ್ದ ನನ್ನನ್ನು ನೋಡಿದ ಮೇಲೂ ಆಕೆಗೆ ಆ ಸಂಶಯ ಉಳಿದಿತ್ತು. ಇಲ್ಲ ಎಂದೆ. "ಇರಲಿ, ಕೇಳುವುದು ನನ್ನ ಕೆಲಸ" ಎಂದಳು. ಕ್ಯಾರೊಲ್ ನನಗೆ ಪರಿಚಯವಾದದ್ದು ಹೀಗೆ. ನಮ್ಮ ಮುಂದಿನ ಬಂಗಲೆಯೇ ಆಕೆಯದು. ಗಂಡ ತೈಲ ಕಂಪನಿಯಲ್ಲಿ ದೊಡ್ಡ ಕೆಲಸದಲ್ಲಿದ್ದ.

ಅದು ಅಮೆರಿಕದ ಅಧ್ಯಕ್ಷರ ಚುನಾವಣೆಯ ವರ್ಷ. ಹೊರದೇಶದಲ್ಲಿರುವ ಅಮೆರಿಕನ್ನರು ಅಂಚೆಯಲ್ಲಿ ವೋಟು ಕಳಿಸಬಹುದಂತೆ. ಮರೆತು ಕೂತವರಿಗೆ ನೆನಪಿಸಲು ಆಕೆ ಬಿಸಿಲಲ್ಲಿ ಗಲ್ಲಿ ಗಲ್ಲಿ ಸುತ್ತುತ್ತಿದ್ದಳು. ಎದುರು ಪಕ್ಷದವರಿಗೂ ನೆನಪಿಸುತ್ತಿದ್ದಳು. ಅವರ ಮನೆಗೆ ಎರಡನೆಯ ಸಲ ಮಾತ್ರ ಹೋಗುತ್ತಿರಲಿಲ್ಲ. ತನ್ನನ್ನು ಆಕೆ "ಕನ್ಸರ್ವೇಟಿವ್" ಎಂದು ಕರೆದುಕೊಂಡಾಗ ನನ್ನ ಕಣ್ಣ ಮುಂದೆ ಬಂದದ್ದು ಗದಗಿನ ನಮ್ಮಜ್ಜಿ: ಒದ್ದೆ ಸೀರೆ, ಕೈಯಲ್ಲಿ ತಂಬಿಗೆ, "ದೂರ ಸರೀರಿ, ಮುಟ್ಟಬ್ಯಾಡ್ರಿ." ಕ್ಯಾರೊಲ್‌ಳ ಮಡಿ ಬೇರೆ ಥರದ್ದು. ಸರಕಾರ ಮನೆಯೊಳಗೆ ಕಾಲಿಡಬಾರದು, ತೆರಿಗೆ ಕಡಿಮೆಯಿರಬೇಕು, ಮಕ್ಕಳು ಏನು ಓದಬೇಕೆಂದು ಊರಿನ ತಂದೆತಾಯಿಗಳು ನಿರ್ಧರಿಸಬೇಕು, ಭಾನುವಾರ ಚರ್ಚು ತಪ್ಪಬಾರದು. ನಾನೋ ಸರಕಾರಿ ಮಾಸ್ತರರ ಮಗಳು. ಸರಕಾರಿ ಶಾಲೆ, ಸರಕಾರಿ ಆಸ್ಪತ್ರೆ, ಸರಕಾರಿ ಕೆಂಪು ಬಸ್ಸು, ಇಷ್ಟರಲ್ಲೇ ಬೆಳೆದವಳು. ಸರಕಾರ ಮನೆಯೊಳಗೆ ಬಂದಿದ್ದರೆ ನಮ್ಮಪ್ಪ ಕುರ್ಚಿ ಹಾಕಿ ಚಹಾ ಕೊಟ್ಟು, ಬಾಕಿ ಉಳಿದ ಬಡ್ತಿಯ ವಿಷಯ ತೆಗೆಯುತ್ತಿದ್ದರು. ಹೀಗಾಗಿ ಆಕೆಯ ರಾಜಕೀಯ ನನಗೆ ಅರ್ಧ ತಿಳಿಯಲಿಲ್ಲ, ತಿಳಿದ ಅರ್ಧದಲ್ಲಿ ಕಾಲುಭಾಗ ಹಿಡಿಸಲಿಲ್ಲ. ಆದರೆ ಆಕೆ ಬೂಟು ಸವೆಸುತ್ತಿದ್ದ ರೀತಿ ಹಿಡಿಸಿತು.

ಅಮೆರಿಕದ ನಡುಭಾಗದಲ್ಲಿ ಗೋವಿನಜೋಳದ ಹೊಲಗಳ ನಡುವೆ ಇರುವ ಸಣ್ಣ ಊರು ಆಕೆಯದು. ಅಲ್ಲಿನ ಶಾಲೆಯನ್ನು ಮುಚ್ಚಿ, ದೂರದ ಪಟ್ಟಣದ ದೊಡ್ಡ ಶಾಲೆಯೊಂದಿಗೆ ಸೇರಿಸಲು ಮೇಲಿನವರು ಹೊರಟಿದ್ದರಂತೆ. ಆಗ ನಾಲ್ಕು ಜನ ತಾಯಂದಿರು ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿ ಕುಡಿಯುತ್ತ ಕೂತು ಒಂದು ಗುಂಪು ಕಟ್ಟಿದರು. ಪ್ರತಿ ಮನೆಯ ಬಾಗಿಲು ತಟ್ಟಿದರು. ಅಂಗಳದಲ್ಲಿ 'ಶಾಲೆ ಉಳಿಸಿ' ಎಂಬ ಹಲಗೆ ನೆಟ್ಟರು. ಹಿಮ ಬೀಳುವಾಗ ಸಭೆಗೆ ಮುದುಕರನ್ನು ಕಾರಿನಲ್ಲಿ ಕರೆತಂದರು. ಕ್ಯಾರೊಲ್ ಸ್ವತಃ ಶಾಲಾ ಮಂಡಳಿಯ ಚುನಾವಣೆಗೆ ನಿಂತು ಒಮ್ಮೆ ಸೋತು, ಮುಂದಿನ ಸಲ ಗೆದ್ದಳು. "ವಾಷಿಂಗ್ಟನ್ನಿಗೆ ಯಾರು ಹೋಗುತ್ತಾರೆ ಎಂದು ಎಲ್ಲರೂ ಕೂಗಾಡುತ್ತಾರೆ. ಶಾಲೆಯ ಸಭೆಯಲ್ಲಿ ಮಾತ್ರ ಕುರ್ಚಿಗಳೆಲ್ಲ ಖಾಲಿ. ನಾನು ಖಾಲಿ ಕುರ್ಚಿಯಲ್ಲಿ ಕೂರುವವಳು" ಎನ್ನುತ್ತಿದ್ದಳು.

ನನಗೆ ಗೊತ್ತಿದ್ದ ಚುನಾವಣೆ ಗದಗಿನದು. ಟಾಂಗಾದ ಮೇಲೆ ಕಟ್ಟಿದ ಮೈಕು, ಅದರ ಹಿಂದೆ ಧೂಳಿನಲ್ಲಿ ಓಡುವ ನಾವು, ಮೇಲಿನಿಂದ ಎಸೆಯುವ ಬಿಲ್ಲೆಗಳು. ಯಾವ ಪಕ್ಷವೆಂದು ನಾವು ನೋಡುತ್ತಿರಲಿಲ್ಲ. ಎಲ್ಲ ಪಕ್ಷದ ಬಿಲ್ಲೆಗಳನ್ನೂ ಒಂದೇ ಲಂಗದ ಮೇಲೆ ಚುಚ್ಚಿಕೊಂಡು ತಿರುಗುತ್ತಿದ್ದೆವು. ಅಭ್ಯರ್ಥಿಗಳು ಹಿಂಡು ಕಟ್ಟಿಕೊಂಡು ಬಂದು ಕೈ ಮುಗಿದರೆ ಅಜ್ಜಿ ಒಬ್ಬೊಬ್ಬರಿಗೂ, "ನಿಮಗಲ್ಲದ ಮತ್ಯಾರಿಗೆ ಹಾಕ್ಲಿ ಯಪ್ಪಾ!" ಎಂದು ಹೇಳಿ ಕಳಿಸುತ್ತಿದ್ದಳು. ಚುನಾವಣೆಯ ದಿನ ಮಡಿ ಕೆಡುತ್ತದೆಂದು ಮನೆಬಿಟ್ಟು ಹೊರಡುತ್ತಲೇ ಇರಲಿಲ್ಲ. ಇದನ್ನು ಹೇಳಿದಾಗ ಕ್ಯಾರೊಲ್ ನಗಲಿಲ್ಲ. "ನಿಮ್ಮ ಅಜ್ಜಿಯನ್ನು ಬೂತಿಗೆ ಕರೆದೊಯ್ಯಲು ಒಂದು ವಾಹನ ಬೇಕಿತ್ತು" ಎಂದಳು.

ಅಧ್ಯಕ್ಷರ ಚುನಾವಣೆ ಮುಗಿಯಿತು. ಕ್ಯಾರೊಲ್‌ಗೆ ತಟ್ಟಲು ಬಾಗಿಲುಗಳಿಲ್ಲದೆ ಕೈ ಕಟ್ಟಿಹಾಕಿದಂತಾಯಿತು. ಹೊತ್ತು ಹೋಗದೆ ನನ್ನ ಅಡುಗೆಮನೆಗೆ ಬಂದು ಕೂರತೊಡಗಿದಳು. ಅಂಥ ಒಂದು ಸಂಜೆ ನಾನು ನಮ್ಮ ಮಗಳ ಶಾಲೆಯ ಸಂಕಟ ಹೇಳಿಕೊಂಡೆ.

ಮಗಳು ಅಪೂರ್ವಾ ಆಗ ಅಲ್ಲಿನ ಭಾರತೀಯ ಶಾಲೆಯಲ್ಲಿ ಐದನೆಯ ತರಗತಿ. ನಾವು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು. "ಊಟಾ ಮಾಡತೀಯೇನ?" ಎಂದರೆ "ಐಯಾಮ್ ನಾಟ್ ಹಂಗ್ರಿ." ಬರಬರುತ್ತ ನಾನೂ ಅವಳೊಂದಿಗೆ ಎರಡು ಇಂಗ್ಲಿಷ್ ಪದಗಳಲ್ಲೇ ಮಾತು ಮುಗಿಸತೊಡಗಿದ್ದೆ. ಆರನೆಯ ತರಗತಿಯಲ್ಲಿ ಮಕ್ಕಳು ಮೂರನೆಯ ಭಾಷೆ ಆರಿಸಿಕೊಳ್ಳಬೇಕಿತ್ತು: ಸಂಸ್ಕೃತ, ಫ್ರೆಂಚ್, ಅರೇಬಿಕ್, ಮಲಯಾಳ, ಕನ್ನಡ. ಆ ಒಂದು ತರಗತಿಯ ಮೇಲೆ ನಾನು ಜೀವ ಇಟ್ಟುಕೊಂಡು ಕೂತಿದ್ದೆ. ಅಕ್ಷರ ಕಲಿತರೆ ಮಾತೂ ತಾನಾಗಿ ಬರುತ್ತದೆ, ಮುಂದೊಂದು ದಿನ ನನ್ನ ಮಗಳು ನನಗೆ ನನ್ನ ಭಾಷೆಯಲ್ಲೇ ಎದುರುತ್ತರ ಕೊಡುತ್ತಾಳೆ ಎಂಬುದು ನನ್ನ ಆಸೆ. ಅಷ್ಟರಲ್ಲಿ ಪ್ರಾಂಶುಪಾಲರು, ಬರುವ ವರ್ಷ ಒಂದು ತರಗತಿ ಎನಿಸಿಕೊಳ್ಳುವಷ್ಟು ಮಕ್ಕಳಾದರೂ ಸೇರದಿದ್ದರೆ ಕನ್ನಡ ಬಂದ್ ಎಂದುಬಿಟ್ಟಿದ್ದರು. ಕನ್ನಡ ಕಲಿಸುತ್ತಿದ್ದವರು ಲವೀನಾ ಟೀಚರ್, ಉಡುಪಿ ಕಡೆಯ ಕೊಂಕಣಿ ಮಾತಾಡುವ ಕ್ರಿಶ್ಚಿಯನ್ನರು. ಅವರ ಗಂಡ ದೂರದ ಇಬ್ರಿ ಎಂಬ ಊರಿನಲ್ಲಿ ಒಂದು ಅಂಗಡಿಯ ವ್ಯವಹಾರ ನೋಡಿಕೊಂಡು ವಾರಕ್ಕೊಮ್ಮೆ ಬರುತ್ತಿದ್ದರು. ತರಗತಿ ಹೋದರೆ ಟೀಚರ್ ಕೆಲಸವೂ ಹೋದಂತೆ. "ಎಂತ ಮಾಡುದು ಹೇಳಿ? ಕನ್ನಡದವರೇ ಕನ್ನಡ ಬೇಡ ಅಂದ್ರೆ ನಾನು ಯಾರ ಹತ್ರ ಹೋಗಿ ಕೇಳುದು?" ಎಂದು ಅವರು ನನ್ನೆದುರು ಕಣ್ಣೊರೆಸಿಕೊಂಡಿದ್ದರು.

"ಶಾಲೆಯೇ?" ಎಂದ ಕ್ಯಾರೊಲ್ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು. ಆಕೆಯ ಮುಖಕ್ಕೆ ಕಳೆ ಬಂದದ್ದನ್ನು ನೋಡಿ ನನಗೇ ಸ್ವಲ್ಪ ಹೆದರಿಕೆಯಾಯಿತು.

ಕನ್ನಡದ ಮನೆಗಳ ಬಾಗಿಲು ತಟ್ಟಬೇಕೆಂದು ಅಂದೇ ಪಾಠ ಶುರು. ಗಂಟೆ ಒತ್ತಿ ಎರಡು ಹೆಜ್ಜೆ ಹಿಂದೆ ಸರಿ. ಬಾಗಿಲು ತೆಗೆದವರಿಗೆ ಮೈಮೇಲೆ ಬಿದ್ದಂತಾಗಬಾರದು. ಕಣ್ಣಿಗೆ ಬಿದ್ದ ಒಳ್ಳೆಯದೊಂದನ್ನು ಹೊಗಳು. ಒಂದೇ ವಿಷಯ ಮಾತಾಡು. ಎರಡು ನಿಮಿಷದಲ್ಲಿ ಮುಗಿಸು. ಏನೇ ಆದರೂ ಒಳಗೆ ಮಾತ್ರ ಹೋಗಬೇಡ, ಒಳಗೆ ಕೂತರೆ ಒಂದು ಸಂಜೆಗೆ ಒಂದೇ ಮನೆ.

ನಮ್ಮವರು ಇದನ್ನೆಲ್ಲ ಕೇಳಿ ಬೆವತರು. "ಇದು ನಿಮ್ಮ ಗದಗ ಅಲ್ಲ, ಅಕೀ ಅಮೆರಿಕಾನೂ ಅಲ್ಲ. ಕಾಗದ ಹಿಡಕೊಂಡು, ಮಂದಿ ಕೂಡಿಸ್ಕೊಂಡು ತಿರಗ್ಯಾಡಿದ್ದು ಕಫೀಲನ ಕಿವಿಗೆ ಬಿತ್ತಂದ್ರ ಖಲಾಸ್. ಮುಂದಿನ ವಿಮಾನಕ್ಕ ಗದಗ" ಎಂದರು. ಆ ದೇಶದಲ್ಲಿ ನಮ್ಮ ಇರವು ಕಫೀಲನ, ಎಂದರೆ ವೀಸಾ ಕೊಟ್ಟ ಧಣಿಯ, ಒಂದು ಸಹಿಯ ಮೇಲೆ ನಿಂತಿತ್ತು. ಅವರ ಹೆದರಿಕೆ ಸುಳ್ಳಲ್ಲ. ಕೊನೆಗೆ ಕಾಗದವಿಲ್ಲ, ಸಭೆಯಿಲ್ಲ, ಹಲಗೆಯಂತೂ ಇಲ್ಲವೇ ಇಲ್ಲ, ಪರಿಚಯದ ಮನೆಗಳಿಗೆ ಹೆಂಗಸರು ಹೋಗಿಬರುವುದಷ್ಟೇ ಎಂದು ತೀರ್ಮಾನವಾಯಿತು. ಹಲಗೆ ಇಲ್ಲದ್ದಕ್ಕೆ ಕ್ಯಾರೊಲ್ ಬಹಳ ನೊಂದುಕೊಂಡಳು.

ಮೊದಲ ಮನೆ ಗ್ರೇಸ್ ಆಂಟಿಯದು. ಮಂಗಳೂರಿನವರು, ಲವೀನಾ ಟೀಚರರ ಚರ್ಚಿನವರೇ. ಧೈರ್ಯಕ್ಕಿರಲಿ ಎಂದು ಕ್ಯಾರೊಲ್ ಜೊತೆಗೆ ಬಂದಳು. ಬಂದವಳು ನನಗಿಂತ ಮುಂದೆ ನಿಂತಳು. ಬಾಗಿಲು ಅರ್ಧ ತೆರೆಯಿತು. ಗ್ರೇಸ್ ಆಂಟಿ ಬಿಳಿ ಹೆಂಗಸನ್ನು ನೋಡಿದರು, ಆಕೆಯ ಬೂಟು ನೋಡಿದರು, ಎರಡು ಹೆಜ್ಜೆ ದೂರದಿಂದ ಬೀರುತ್ತಿದ್ದ ನಗು ನೋಡಿದರು. "ನೋ, ನೋ. ನಾವು ಕೆಥೊಲಿಕ್. ನಮಗೆ ಬೇರೆ ಸಭೆ ಬೇಡ" ಎಂದು ಬಾಗಿಲು ಹಾಕಿಕೊಂಡರು. ಊರಲ್ಲಿದ್ದಾಗ ಹೀಗೆ ಮನೆಬಾಗಿಲಿಗೆ ಬಂದು ಬೇರೆ ಪಂಗಡಕ್ಕೆ ಕರೆಯುವವರನ್ನು ಕಂಡು ಅವರಿಗೆ ಸಾಕಾಗಿತ್ತು. ಕ್ಯಾರೊಲ್‌ಗೆ ಬೇಸರವೇನೂ ಆಗಲಿಲ್ಲ. ಮುಖದ ಮೇಲೆ ಬಾಗಿಲು ಬೀಳುವುದು ಆಕೆಗೆ ನಮಗೆ ಸೀನು ಬಂದಷ್ಟೇ ಸಹಜ.

ಮರುದಿನ ನಾನೊಬ್ಬಳೇ ಪಾಟೀಲ ವೈನಿಯ ಮನೆಗೆ ಹೋದೆ. ಬಾಗಿಲಕೋಟೆಯವರು, ನಮ್ಮವರ ಸಹೋದ್ಯೋಗಿಯ ಹೆಂಡತಿ. ಗಂಟೆ ಒತ್ತಿ ಹಿಂದೆ ಸರಿದು, "ನಿಮ್ಮ ರಂಗೋಲಿ ಭಾಳ ಛಂದ ಐತ್ರಿ" ಎಂದೆ. ವೈನಿಯ ಮುಖ ಬಿಳಿಚಿಕೊಂಡಿತು.

"ಯಾಕ್ರೀ, ಹೊರಗs ನಿಂತೀರಿ? ಊರಿಂದ ಏನರೆ ಫೋನ್ ಬಂದೈತೇನು?"

ನಮ್ಮ ಕಡೆ ಹೊಸ್ತಿಲಾಚೆ ನಿಂತು ಒಳಗೆ ಬರಲೊಲ್ಲೆ ಎನ್ನುವವರು ಇಬ್ಬರೇ: ಸಾವಿನ ಸುದ್ದಿ ತಂದವರು, ಸೂತಕದವರು. ಎರಡೂ ಅಲ್ಲ ಎಂದು ಅವರನ್ನು ನಂಬಿಸುವುದರಲ್ಲೇ ಎರಡು ನಿಮಿಷ ಆಗಿಹೋಯಿತು. ಒಳಗೆ ಎಳೆದು ಕೂರಿಸಿದರು. ಚುರಮರಿ ಬಂತು, ಚಹಾ ಬಂತು, ಅವರ ನಾದಿನಿಯ ಸೀಮಂತದ ಫೋಟೋ ಬಂದವು. ನಡುವೆ ಮೂರು ಸಲ ಕನ್ನಡದ ವಿಷಯ ತೆಗೆದೆ. ಮೂರು ಸಲವೂ ವೈನಿ, "ಅದೇನ್ ಓಡಿ ಹೊಕ್ಕತೇನ್ರೀ? ಮೊದಲ ತಿನ್ರಿ" ಎಂದು ತಟ್ಟೆಗೆ ಮತ್ತೆ ಚುರಮರಿ ಹಾಕಿದರು. ತಿನ್ನುವವರ ಹತ್ತಿರ ವ್ಯವಹಾರ ಮಾತಾಡುವುದು ಅವರ ಪ್ರಕಾರ ಅಮರ್ಯಾದೆ. ಸೋತು ಎದ್ದೆ. ಕುಂಕುಮ ಹಚ್ಚಿಸಿಕೊಂಡು, "ಬರ್ತೇನ್ರಿ ವೈನಿ" ಎಂದು ಚಪ್ಪಲಿಯಲ್ಲಿ ಕಾಲಿಟ್ಟೆ. ಆಗ ವೈನಿ ಬಾಗಿಲಿಗೆ ಒರಗಿ ನಿಂತು, "ಹ್ಞಾ, ಏನೋ ಕನ್ನಡ ಅಂದ್ರಲ್ರೀ ಆಗ?" ಎಂದರು.

ಕನ್ನಡಿಗರ ಮನೆಯಲ್ಲಿ ಇದ್ದ ವಿಷಯ ಮಾತಾಡುವುದು ಒಂದು ಕಾಲಿಗೆ ಚಪ್ಪಲಿ ಹಾಕಿದ ಮೇಲೇ ಎಂಬುದು ನನಗೆ ಗೊತ್ತಿರಲಿಲ್ಲವೆಂದಲ್ಲ. ಹುಟ್ಟಿದಾಗಿನಿಂದ ನೋಡಿದ್ದೆ. ಅಮ್ಮ "ಬರ್ತೀವಿ" ಎಂದ ಮೇಲೆ ನಾವು ಮಕ್ಕಳು ಮತ್ತೊಂದು ಆಟ ಮುಗಿಸುತ್ತಿದ್ದೆವು. ಹೆಣ್ಣು ನೋಡಿದ್ದು, ಹೊಲ ಮಾರಿದ್ದು, ಅತ್ತೆಯ ಬಗ್ಗೆ ನಿಜವಾದ ಅಭಿಪ್ರಾಯ, ಎಲ್ಲ ಹೊಸ್ತಿಲ ಮೇಲೇ ಹೊರಬೀಳುತ್ತಿದ್ದವು.

ವೈನಿಗೆ ಒಂದು ಆಕ್ಷೇಪ ಇತ್ತು. "ಅಲ್ರೀ, ಆ ಟೀಚರ್ ಕಲಿಸೋದು ಮಂಗಳೂರ ಕನ್ನಡ. ನಾಳೆ ನಮ್ಮ ಹುಡುಗ ಮನ್ಯಾಗ ಬಂದು 'ಎಂತ' ಅಂದ್ರ ಏನ್ ಮಾಡ್ಲಿ?"

"ಈಗ ಏನಂತಾನ್ರಿ?"

"ಈಗೇನ್, 'ವಾಟ್' ಅಂತಾನ."

"ವಾಟ್‌ಕಿಂತ ಎಂತ ಭೇಷಿ ಬಿಡ್ರಿ" ಎಂದು ವೈನಿ ತಾವೇ ತೀರ್ಪು ಕೊಟ್ಟು, ನಕ್ಕು, ಮಗನನ್ನು ಕನ್ನಡಕ್ಕೆ ಹಾಕಲು ಒಪ್ಪಿದರು. ಮರುದಿನ ತಾವೂ ನನ್ನ ಜೊತೆ ಹೊರಟರು.

ಕ್ಯಾರೊಲ್‌ಗೆ ವರದಿ ಒಪ್ಪಿಸಿದೆ. ಆಕೆ, "ಹಾಗಾದರೆ ನಾವು ಹೊರಗಿನಿಂದ ಬಂದು ಬಾಗಿಲಲ್ಲಿ ಮಾತಾಡುತ್ತೇವೆ, ನೀವು ಒಳಗಿನಿಂದ ಬಂದು ಬಾಗಿಲಲ್ಲಿ ಮಾತಾಡುತ್ತೀರಿ. ನಿಮಗೆ ಹೆಚ್ಚಿಗೆ ಬೇಕಾದದ್ದು ಹೊಟ್ಟೆಯಲ್ಲಿ ಜಾಗ, ಅಷ್ಟೇ" ಎಂದಳು. ಅದು ಸರಿಯಾದ ಮಾತು. ಆ ತಿಂಗಳು ನಾವು ತಿಂದ ಅವಲಕ್ಕಿ, ಕೋಡುಬಳೆ, ನೀರುದೋಸೆಗಳಿಗೆ ಮಿತಿಯಿಲ್ಲ. ಗ್ರೇಸ್ ಆಂಟಿಯ ಮನೆಗೆ ಕ್ಯಾರೊಲ್ ಇಲ್ಲದೆ ಎರಡನೆಯ ಸಲ ಹೋದೆ. ಅವರು ಮಗಳಿಗೆ ಫ್ರೆಂಚ್ ಎಂದು ನಿರ್ಧರಿಸಿಬಿಟ್ಟಿದ್ದರು. ಕೇಕು ತಿಂದು, ಊರಿನ ಹಬ್ಬದ ಕಥೆ ಕೇಳಿ, ಚಪ್ಪಲಿ ಹಾಕುವಾಗ, "ಆಂಟಿ, ನಿಮ್ಮ ಮಗಳು ಊರಿಗೆ ಹೋದ್ರ ಬಸ್ಸಿನ ಬೋರ್ಡ್ ಓದತಾಳೇನ್ರಿ?" ಎಂದಷ್ಟೇ ಕೇಳಿದೆ. "ಇಲ್ಲ ಮಾರಾಯ್ರೆ! ಹೋದ ಸಲ ಉಡುಪಿ ಅಂತ ಹೇಳಿ ಕಾರ್ಕಳದ ಬಸ್ಸಿಗೆ ಹತ್ತಿದ್ದಾಳೆ!" ಎಂದು ಹಣೆ ಚಚ್ಚಿಕೊಂಡರು. ಆ ಹುಡುಗಿಯೂ ಬಂದಳು. ಕನ್ನಡ ಶುದ್ಧವೋ ಅಶುದ್ಧವೋ, ಘಟ್ಟದ ಮೇಲಿನದೋ ಕೆಳಗಿನದೋ ಎಂದು ವರ್ಷಗಟ್ಟಲೆ ಒಬ್ಬರನ್ನೊಬ್ಬರು ಛೇಡಿಸುತ್ತ ದೂರ ದೂರ ಕೂರುತ್ತಿದ್ದ ನಾವು ಒಂದೇ ತಟ್ಟೆಯಿಂದ ಚಕ್ಕುಲಿ ಮುರಿಯತೊಡಗಿದೆವು.

ಭಾಷೆ ಆರಿಸಿದ ಕಾಗದವನ್ನು ಶಾಲೆಗೆ ಕೊಡುವ ಕೊನೆಯ ದಿನ ಹತ್ತಿರ ಬಂತು, ಹೆಚ್ಚಿನವರು ಆಗಲೇ ಕೊಟ್ಟಿದ್ದರು. ಒಂದು ಮಂಗಳವಾರ ಸಂಜೆ ಲವೀನಾ ಟೀಚರ್ ಫೋನ್ ಮಾಡಿ, "ಆಯ್ತು ಮಾರಾಯ್ರೆ! ಕ್ಲಾಸ್ ಉಳೀತು! ಪ್ರಿನ್ಸಿಪಾಲ್ ಹೂಂ ಅಂದ್ರು" ಎಂದು ಕಿರುಚಿದರು. ನನಗೂ ಕಣ್ಣು ತುಂಬಿ ಬಂತು. ಹೊರಗೋಡಿ, ಗೋಡೆಯ ಆಚೆಗಿದ್ದ ಕ್ಯಾರೊಲ್‌ಗೆ ಕೂಗಿ ಹೇಳಿದೆ. ಆಕೆ ಎರಡೂ ಕೈ ಮೇಲೆತ್ತಿ ತನ್ನ ಹುಲ್ಲಿನ ಮೇಲೆ ಕುಣಿದಳು. ಕನ್ನಡದ ಒಂದಕ್ಷರ ಬಾರದ ಹೆಂಗಸು ಕನ್ನಡಕ್ಕಾಗಿ ಹಾಗೆ ಕುಣಿದದ್ದನ್ನು ನಾನು ಮತ್ತೆಲ್ಲೂ ನೋಡಿಲ್ಲ.

ಒಳಗೆ ಬಂದರೆ ಅಪೂರ್ವಾ ಊಟದ ಮೇಜಿನ ಹತ್ತಿರ ನಿಂತಿದ್ದಳು. "ಅಮ್ಮಾ, ಸೈನ್ ಹಿಯರ್" ಎಂದು ತನ್ನ ಕಾಗದ ಮುಂದೆ ಹಿಡಿದಳು. ಫ್ರೆಂಚ್ ಎಂಬಲ್ಲಿ ದುಂಡಗೆ ಗುರುತು ಹಾಕಿದ್ದಳು.

"ಇದೇನs ಇದು? ನಾ ಊರೆಲ್ಲಾ ತಿರಗಿದ್ದು ಯಾರ ಸಲುವಾಗಿ?"

"ಐ ಡೋಂಟ್ ನೋ. ಯು ಆಸ್ಕ್ಡ್ ಎವ್ರಿಬಡಿ. ಯು ನೆವರ್ ಆಸ್ಕ್ಡ್ ಮೀ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದದ್ದನ್ನು ಹೇಳಿದಳು. ಗೆಳತಿಯರೆಲ್ಲ ಫ್ರೆಂಚ್, ಅಂಕಗಳೂ ಹೆಚ್ಚು ಸಿಗುತ್ತವೆ, ಕನ್ನಡ ಓದಿ ತನಗೇನಾಗಬೇಕು ಎಂದು ಕೇಳಿದಳು. ಬೇರೆಯವರ ಮನೆಯಲ್ಲಿ ಇದೇ ಪ್ರಶ್ನೆಗೆ ನಾನು ಹತ್ತು ಉತ್ತರ ಕೊಟ್ಟಿದ್ದೆ. ಬಸ್ಸಿನ ಬೋರ್ಡು, ಸಂಸ್ಕೃತಿ, ಬೇರು. ಹತ್ತು ವರ್ಷದ ಮಗಳ ಎದುರು ಬಾಯಿಗೆ ಬಂದದ್ದು ಬೇರೆಯೇ.

"ಅಪ್ಪೂ, ನಾ ಕನ್ನಡದಾಗ ಮಾತಾಡಿದ್ರ ಮಂದಿ ನಗತಾರ. ನಿನಗ ಗೊತ್ತೈತೇನು? ಇಂಗ್ಲಿಷ್‌ನ್ಯಾಗ ನಾ ಬರೇ 'ಹೋಮ್‌ವರ್ಕ್ ಡನ್?', 'ಮಿಲ್ಕ್ ಫಿನಿಶ್ಡ್?' ಅಷ್ಟs. ನೀ ನೋಡೀದ ಅಮ್ಮ ಭಾಳ ಬ್ಯಾಸರದ ಹೆಂಗಸು. ಛಲೋ ಅಮ್ಮನ ಭೆಟ್ಟೀನ ಆಗಿಲ್ಲ ನಿನಗ."

ಅವಳು ಅನುಮಾನದಿಂದ ನನ್ನನ್ನು ನೋಡಿದಳು. "ಯು ಆರ್ ಫನ್ನಿ?"

"ಹೂಂ ಮತ್ತ."

"ಓಕೆ. ಸೇ ಸಮ್‌ಥಿಂಗ್ ಫನ್ನಿ."

ಹೀಗೆ ಕೇಳಿದರೆ ಯಾರಿಗಾದರೂ ಏನು ಹೊಳೆಯುತ್ತದೆ? ಕೊನೆಗೆ ನನ್ನ ಅವಸ್ಥೆಗೆ ನನಗೇ ನಗು ಬಂದು, "ಏನ್ ಹೇಳ್ಲಿ? ಮನಿಗೆ ಮಾರಿ, ಊರಿಗೆ ಉಪಕಾರಿ ಅಂತಾರಲ್ಲ, ಆ ಮಾರೀನ ಹುಡುಕ್ಕೊಂಡು ಊರೆಲ್ಲಾ ತಿರಗಿದೆ. ನೋಡಿದ್ರ ಆಕಿ ನಮ್ಮನಿ ನೈಟಿ ಹಾಕ್ಕೊಂಡು ಇಲ್ಲೇ ನಿಂತಾಳ" ಎಂದೆ.

ಪಕ್ಕದ ಕೋಣೆಯಲ್ಲಿ ಪೇಪರ್ ಓದುತ್ತಿದ್ದ ನಮ್ಮವರು ಹೋ ಎಂದು ನಕ್ಕರು. "ಅಂತೂ ಒಪ್ಪಿಕೊಂಡೆಲ್ಲ!" ಎಂದು ಅಲ್ಲಿಂದಲೇ ಕೂಗಿದರು. ಅವರ ನಗು ಕೇಳಿ ನನ್ನದೂ ತಡೆಯದಾಯಿತು. ಮೇಜು ಹಿಡಿದುಕೊಂಡು ನಕ್ಕೆ. ಅಪೂರ್ವಾ ಕೋಣೆಯ ಬಾಗಿಲ ಕಡೆ ನೋಡಿದಳು, ನನ್ನ ಕಡೆ ನೋಡಿದಳು.

"ವಾಟ್? ಹೂ ಈಸ್ ಮಾರಿ?"

ಬಿಡಿಸಿ ಹೇಳಲು ಹೋದೆ. ಮಾರಿ ಎಂದರೆ ಒಬ್ಬ ದೇವತೆ, ಸಿಟ್ಟಿನವಳು, ಆದರೆ ಇಲ್ಲಿ ಹಾಗಲ್ಲ... ಇಂಗ್ಲಿಷಿನಲ್ಲಿ ಹೇಳಹೇಳುತ್ತ ಅದರಲ್ಲಿದ್ದ ನಗುವೆಲ್ಲ ಸೋರಿಹೋಯಿತು. ಅವಳು ನಗಲಿಲ್ಲ. ಒಳಗೆ ಅವರಪ್ಪ ಇನ್ನೂ ಬಿದ್ದು ಬಿದ್ದು ನಗುತ್ತಿದ್ದರು. ತನ್ನದೇ ಮನೆಯಲ್ಲಿ ಅಪ್ಪ ಅಮ್ಮನ ನಡುವೆ ಅವಳೊಬ್ಬಳೇ ಹೊರಗಿನವಳಂತೆ ನಿಂತಿದ್ದಳು. ಅದನ್ನು ನೋಡಿ ನನ್ನ ನಗು ನಿಂತುಹೋಯಿತು.

"ದಿಸ್ ಈಸ್ ನಾಟ್ ಫೇರ್" ಎಂದಳು. ಮುಖ ಊದಿಸಿಕೊಂಡು ನನ್ನ ಕೈಯಿಂದ ಕಾಗದವನ್ನು ಕಸಿದುಕೊಂಡಳು. ಮೇಜಿನ ಮೇಲಿಟ್ಟು, ಫ್ರೆಂಚಿನ ಗುರುತನ್ನು ಬೆರಳಿನಿಂದ ಉಜ್ಜಿ ನೋಡಿದಳು. ಅದು ಹೋಗಲಿಲ್ಲ. ಆಮೇಲೆ ನನ್ನ ಕಡೆ ತಿರುಗದೆಯೇ ಕೈ ಚಾಚಿ, ಥೇಟ್ ಅವರಪ್ಪನ ದನಿಯಲ್ಲಿ ರೇಗಿದಳು:

"ಪೆನ್ ಕೊಡ ಇಲ್ಲೆ."